ಬೀಗಿತ್ತಿ ಕಟ್ಟಿದ ಗಂಟು

ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಬೆಳಿಗ್ಗೆ, ಬಳ್ಳಾರಿಯ ಆಸ್ಪತ್ರೆಯಲ್ಲಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು ತೊಡೆಯ ಮೇಲೆ ಇಟ್ಟಾಗ ನಾನು ಮುಖಕ್ಕಿಂತ ಮೊದಲು ಕೈ ನೋಡಿದೆ. ಹೆಬ್ಬೆರಳು ಅಗಲ, ತುದಿ ಚಪ್ಪಟೆ, ಉಗುರು ಮೋಟು. ಬೀಗಿತ್ತಿಯದೇ ಹೆಬ್ಬೆರಳು! "ಬಂದ್ಯಾ ತಾಯಿ" ಅಂದೆ, ಅಳು ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತೂ ಕುಳಿತೂ ಸೊಂಟ ಹಿಡಿದುಹೋಗಿತ್ತು, ಕಣ್ಣು ಉರಿಯುತ್ತಿತ್ತು. ಸಂತೋಷಪಡಲಿಕ್ಕೂ ಮೈಯಲ್ಲಿ ಕಸುವು ಬೇಕು ನೋಡಿ.

ಬೀಗಿತ್ತಿ ಅಂದರೆ ನನ್ನ ಮಗಳ ಅತ್ತೆ, ಕುರುಗೋಡಿನಾಕೆ. ನಾವು ಸಿರುಗುಪ್ಪದವರು. ಆ ಅಗಲ ಹೆಬ್ಬೆರಳಿನಿಂದ ಮೆಣಸಿನಕಾಯಿ ತೊಟ್ಟು ಮುರಿಯಲು ಕುಳಿತರೆ ಪಕ್ಕದವರ ಬುಟ್ಟಿ ಅರ್ಧವಾಗುವಷ್ಟರಲ್ಲಿ ಆಕೆಯದು ತುಂಬಿರುತ್ತಿತ್ತು. ಗಂಟು ಹಾಕಿದಳೆಂದರಂತೂ ಮುಗಿಯಿತು. ಆಕೆ ಕಟ್ಟಿಕೊಟ್ಟ ಬುತ್ತಿಯ ಬಟ್ಟೆ ಬಿಚ್ಚಲು ಆಕೆಯ ಗಂಡ, ನಮ್ಮ ಬೀಗರು, ಹೊಲದಲ್ಲಿ ಹಲ್ಲು ಹಚ್ಚುತ್ತಿದ್ದರಂತೆ. ಮನೆಗೆ ಯಾರೇ ಬರಲಿ, ಏನೇ ಅವಸರವಿರಲಿ, ಆಕೆಯ ಬಾಯಲ್ಲಿ ಒಂದೇ ಮಾತು: "ಮೊದ್ಲ ಕುಂದರ್ರಿ. ನಿಂತವ್ರ ಕೂಡ ನಾ ಮಾತಾಡಂಗಿಲ್ಲ."

ಜಗಳದ ದಿನ ಮಾತ್ರ ಆಕೆಯೂ ಕೂರಲಿಲ್ಲ, ನನ್ನ ಮಗಳೂ ಕೂರಲಿಲ್ಲ. ಮಗಳು ಬಳ್ಳಾರಿಗೆ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸಕ್ಕೆ ಹೋಗುತ್ತೇನೆ ಎಂದಳು. "ನಮ್ಮನಿ ಸೊಸಿ ದಿನಾ ಬಸ್ಸು ಹತ್ತಿ ಊರವ್ರ ಪ್ಯಾಂಟು ಹೊಲಿಯಾಕ ಹೋಗಂಗಿಲ್ಲ" ಎಂದಳು ಅತ್ತೆ. ಮಗಳು ಬ್ಯಾಗು ತುಂಬಿಕೊಂಡು ನಮ್ಮ ಮನೆಗೆ ಬಂದಳು. ಒಂದು ವಾರ ಇದ್ದು ಹೋಗುತ್ತಾಳೆ ಅಂದುಕೊಂಡೆವು. ತಿಂಗಳುಗಳು ಕಳೆದವು. ಅಳಿಯ ಆಗಾಗ ಬಂದು, ಚಹಾ ಕುಡಿದು, ಸೋತ ಮುಖದಲ್ಲೇ ಹೋಗುತ್ತಿದ್ದ. ಒಮ್ಮೆ ಹೊಸ್ತಿಲಲ್ಲಿ ನಿಂತು, "ಅತ್ತಿಯವ್ರ, ಇಲ್ಲಾ ಕರ್ಕೊಂಡ್ ಬಾ, ಇಲ್ಲಾ ಬಿಟ್ಟುಬಿಡು ಅಂತ ಮಂದಿ ಅನ್ನಾಕತ್ತಾರ್ರಿ" ಎಂದ.

ನಾನು ಕುರುಗೋಡಿಗೆ ಹೋಗುವವಳಲ್ಲ, ಬೀಗಿತ್ತಿ ಸಿರುಗುಪ್ಪಕ್ಕೆ ಬರುವವಳಲ್ಲ. ಕೊನೆಗೆ ಅಳಿಯನೇ ಜಾಗ ಹುಡುಕಿದ. ಬಳ್ಳಾರಿಯ ಹೊರಗೆ ಉಯ್ಯಾಲೆ, ಮಕ್ಕಳ ರೈಲು, ನೀರಿನ ಜಾರುಬಂಡಿ ಇರುವ ಒಂದು ಪಾರ್ಕು. ಹಿಂಭಾಗದಲ್ಲಿ ಬೇವಿನ ಮರಗಳು, ನೆರಳಲ್ಲಿ ಕಲ್ಲುಬೆಂಚುಗಳು. ಇಬ್ಬರು ತಾಯಂದಿರು ಅಲ್ಲಿ ತಣ್ಣಗೆ ಕುಳಿತು ಮಾತಾಡಲಿ ಎಂಬುದು ಅವನ ಲೆಕ್ಕ.

ಮಗಳನ್ನು ಕರೆದುಕೊಂಡು ಹೋಗಿ ನೋಡಿದರೆ ಬೇವಿನ ಮರವಿಲ್ಲ, ಬೆಂಚಿಲ್ಲ. ಅಷ್ಟೂ ಜಾಗದಲ್ಲಿ ಕೆಂಪು ಬಣ್ಣದ ಕಬ್ಬಿಣದ ಕಂಬಿಗಳು ಆಕಾಶಕ್ಕೆ ಎದ್ದು, ಬಾಗಿ, ಕೆಳಗೆ ಬಿದ್ದು, ಮತ್ತೆ ಎದ್ದಿದ್ದವು. ರೋಲರ್ ಕೋಸ್ಟರ್ ಅಂತೆ. "ಹೋದ ಸಲ ಇದು ಇರ್ಲಿಲ್ರಿ" ಎಂದ ಅಳಿಯ, ತಾನೇ ತಂದು ನಿಲ್ಲಿಸಿದವನಂತೆ ನಾಚಿಕೊಂಡು. ಗೇಟಿನವನು ನಕ್ಕ: "ಯಾರ್ಗೂ ಹೇಳಿಲ್ಲ ಕೇಳಿಲ್ಲ, ತಂದು ಹೂಡಿಬಿಟ್ಟಾರ. ನಾನೂ ರಜಾ ಮುಗ್ಸಿ ಬಂದು ಹೌಹಾರೀನಿ."

ಬೀಗಿತ್ತಿ ಬಂದಳು. ನನ್ನನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಕಂಬಿಗಳನ್ನು ನೋಡಿ ಮಗನಿಗೆ ಅಂದಳು: "ಏನ್ಲೇ, ಕುಂತು ಮಾತಾಡ್ರಿ ಅಂತ ಕರ್ಸಿದಿ. ಎಲ್ಲಿ ಕುಂದ್ರಬೇಕೋ?"

ಸುತ್ತ ಬಿಸಿಲೇ ಬಿಸಿಲು. ಕೂರುವ ಜಾಗವೆಂದು ಕಂಡದ್ದು ಆ ಹುಚ್ಚು ರೈಲಿನ ಡಬ್ಬಿಗಳು ಮಾತ್ರ.

"ಅಲ್ಲೈತಲ್ಲ ಕುರ್ಚಿ" ಎಂದು ಬೀಗಿತ್ತಿ ಹೊರಟೇಬಿಟ್ಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಬೀಗಿತ್ತಿ ಬರ್ತಾಳೋ, ಅಂಜ್ತಾಳೋ?"

"ಅಂಜಾಕ ನಾ ಏನು ಕುರುಗೋಡಿನಾಕ್ಯಾ?" ಎಂದು ಹಿಂದೆಯೇ ನಡೆದೆ.

ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. "ಅಜ್ಜೀ, ಸೆರಗು ಗಟ್ಟಿ ಕಟ್ಕೊಳ್ರಿ, ಹಾರಬಾರ್ದು" ಎಂದ ಬೆಲ್ಟು ಹಾಕುವವನು. ಬೀಗಿತ್ತಿ ಬಗ್ಗಿ ಏನನ್ನೋ ಬಿಗಿದು ಕಟ್ಟಿದಳು. ರೈಲು ಟಕ ಟಕ ಎನ್ನುತ್ತ ಏರತೊಡಗಿತು. ಬಳ್ಳಾರಿ ಗುಡ್ಡ ಕಾಲ ಬುಡಕ್ಕೆ ಬಂದಂತಾಯಿತು. ಆಕೆ ಎದುರಿಗೇ ನೋಡುತ್ತ, "ಹೋಗ್ಲಿ" ಎಂದಳು.

"ಏನು ಹೋಗ್ಲಿ?"

"ಸೊಸಿ. ಹೊಲಿಯಾಕ ಹೋಗ್ಲಿ. ಸಂಜೀಕ ಮನಿಗೆ ಬಂದ್ರಾತು. ಮನಿ ಬಿಕೋ ಅನ್ನಾಕತ್ತೈತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ನೆಲವೇ ಇಲ್ಲವಾಯಿತು. ನಾನು ಸತ್ತುಹೋದ ನನ್ನ ಅವ್ವನನ್ನು ಕೂಗಿದೆನಂತೆ. ಬೀಗಿತ್ತಿ ಕೂಗಿದ್ದು ನನ್ನ ಮಗಳ ಹೆಸರನ್ನು. ಪ್ರತಿ ಇಳಿಜಾರಿನಲ್ಲೂ ಅದೇ ಹೆಸರು! ಕೆಳಗೆ ಬೇಲಿ ಹಿಡಿದು ನಿಂತಿದ್ದ ಮಗಳು ಅದನ್ನು ಕೇಳಿಸಿಕೊಂಡಳು.

ರೈಲು ನಿಂತಿತು. ಎದ್ದರೆ ನನ್ನನ್ನು ಯಾರೋ ಎಳೆದಂತಾಯಿತು. ನನ್ನ ಸೆರಗಿಗೆ ಬೀಗಿತ್ತಿಯ ಸೆರಗು ಗಂಟು ಬಿದ್ದಿತ್ತು, ಮದುವೆಯಲ್ಲಿ ಗಂಡು ಹೆಣ್ಣಿಗೆ ಹಾಕುತ್ತಾರಲ್ಲ, ಹಾಗೆ. ಜನ ನಗತೊಡಗಿದರು. ಹೊಸ ಮದುಮಕ್ಕಳಂತೆ ಒಬ್ಬರ ಹಿಂದೊಬ್ಬರು ಇಳಿದೆವು. ಅಳಿಯ ಎಳೆದು ನೋಡಿದ, ಬರಲಿಲ್ಲ. ಕತ್ತರಿ ತರಲೇ ಎಂದ. "ಕತ್ತರಿ ಹಚ್ಚಿದ್ರ ನಿನ್ ಕೈ ಮುರೀತೀನಿ" ಎಂದಳು ಬೀಗಿತ್ತಿ.

ಆಗ ಮಗಳು ಬಂದಳು. ಬ್ಯಾಗಿನಿಂದ ಸೂಜಿ ತೆಗೆದು, ನಮ್ಮಿಬ್ಬರ ನಡುವೆ ಕುಕ್ಕರಗಾಲಲ್ಲಿ ಕುಳಿತು, ಎಳೆ ಹರಿಯದಂತೆ ಗಂಟನ್ನು ಸಡಿಲಿಸಿದಳು. ಬೀಗಿತ್ತಿ ಆ ಬಗ್ಗಿದ ತಲೆಯನ್ನೇ ನೋಡುತ್ತಿದ್ದಳು.

"ಅತ್ತೀ, ಹಿಂಗ್ಯಾಕ ಕಟ್ಟೀರಿ?"

"ಬಿಚ್ಚಾಕ ನೀ ಅದೀಯಲ್ಲ."

ಮಗಳು ಅಲ್ಲಿಂದಲೇ ಕುರುಗೋಡಿಗೆ ಹೋದಳು. ನಾನು ಒಬ್ಬಳೇ ಬಸ್ಸು ಹತ್ತಿದೆ. ಮೈ ಹಣ್ಣಾಗಿತ್ತು, ಸಿರುಗುಪ್ಪ ಬಂದದ್ದೂ ತಿಳಿಯದಂತೆ ನಿದ್ದೆ ಮಾಡಿದೆ. ಮುಂದೆ ಮಗಳು ಬಳ್ಳಾರಿಗೆ ಹೊಲಿಗೆಗೆ ಹೋಗತೊಡಗಿದಾಗ ದಿನವೂ ಬುತ್ತಿ ಕಟ್ಟಿದವಳು ಅತ್ತೆಯೇ. "ಯವ್ವಾ, ಮಧ್ಯಾಹ್ನ ಊಟಕ್ಕ ಕುಂತ್ರ ಮೊದ್ಲು ಸೂಜಿ ಹುಡುಕ್ಬೇಕು" ಎಂದು ಫೋನಿನಲ್ಲಿ ನಗುತ್ತಿದ್ದಳು ಮಗಳು.

ಈ ಚಳಿಗಾಲದಲ್ಲಿ ಬೀಗಿತ್ತಿಗೆ ಜ್ವರ ಬಂತು, ಎದೆಗೆ ಇಳಿಯಿತು. ಸೊಸೆ ಬಸುರಿ ಎಂಬುದು ಆಗಲೇ ಆಕೆಗೆ ತಿಳಿದಿತ್ತು. ನೋಡಲು ಹೋದವಳು ಬಾಗಿಲಲ್ಲೇ ಕೇಳಿಬಿಟ್ಟೆ: "ಆವತ್ತು ತಪ್ಪಿ ಕಟ್ಟಿದ್ಯೋ, ಬೇಕಂತ ಕಟ್ಟಿದ್ಯೋ?"

"ಮೊದ್ಲ ಕುಂದ್ರು" ಎಂದಳು. ಕುಳಿತೆ. ನನ್ನ ಕೈ ಹಿಡಿದುಕೊಂಡು ಹಾಗೇ ನಿದ್ದೆ ಹೋದಳು. ಆ ವಾರವೇ ಹೋಗಿಬಿಟ್ಟಳು. ಉತ್ತರ ಸಿಗಲಿಲ್ಲ.

ಇವತ್ತು ಸಂಜೆ ಬೀಗರು ಕುರುಗೋಡಿನಿಂದ ಆಸ್ಪತ್ರೆಗೆ ಊಟ ತಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಬಾಣಂತಿಗೆ ಬೇರೆಯಾಗಿ ಮೆತ್ತನ್ನ ಅನ್ನ, ಸಾರು. ಬುತ್ತಿಯ ಬಟ್ಟೆ ಬೀಗಿತ್ತಿಯದೇ. ಬೀಗರು ತುದಿ ಹಿಡಿದು ಎಳೆದರು, ಗಂಟು ಸರಕ್ಕನೆ ಬಿಚ್ಚಿಕೊಂಡಿತು. "ಈಗ ಸಲೀಸು ಬಿಚ್ಚತೈತಿ ನೋಡ್ರಿ" ಎಂದು ತಲೆ ತಗ್ಗಿಸಿದರು. ಅಳಿಯ ರೊಟ್ಟಿ ಹಂಚಿದ. ಮಗಳು ಮಂಚದ ಮೇಲೆ, ಬೀಗರೂ ಅಳಿಯನೂ ನೆಲದ ಮೇಲೆ, ನಮ್ಮ ಯಜಮಾನರು ಕಿಟಕಿಯ ಹತ್ತಿರ, ನಾನು ತೊಟ್ಟಿಲಿನ ಪಕ್ಕ ಸ್ಟೂಲಿನ ಮೇಲೆ. ಎಲ್ಲರೂ ಕುಳಿತೆವು.

ಬಗ್ಗಿ ರೊಟ್ಟಿ ಮುರಿಯಲು ಹೋದರೆ ಹಿಂದಿನಿಂದ ಯಾರೋ ಎಳೆದರು. ಕೂಸು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಮೇಲೆ ಆ ಅಗಲ ಹೆಬ್ಬೆರಳು.

"ಬಿಡಿಸ್ಲೇನ್ ಯವ್ವಾ?" ಎಂದಳು ಮಗಳು.

"ಬ್ಯಾಡ, ಇರ್ಲಿ" ಎಂದೆ. "ನೀವು ಉಣ್ರಿ."