ಜೋಡಿ ಮೇಸ್ತ್ರಿಯ ಎರಡನೆಯ ಕೀಲಿ

ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಜೋಡಿ ಮೇಸ್ತ್ರಿಗೆ ಅದು ಬಲಗೈಯ ಬೆರಳ ಗೆಣ್ಣುಗಳಲ್ಲಿತ್ತು. ಮೂಗಿನವರೆಗೆ ಏರುವಷ್ಟು ಪುರಸೊತ್ತು ಆ ಕೋಪಕ್ಕೆ ಎಂದೂ ಸಿಕ್ಕಿದ್ದಿಲ್ಲ. ಲೇತ್ ಮೆಷಿನ್ನಿನ ಮುಂದೆ ಇಪ್ಪತ್ತಾರು ವರ್ಷ ದುಡಿದ ಆ ಕೈ ಒಮ್ಮೆ ಸ್ವಂತ ಅಣ್ಣನ ಎರಡು ಹಲ್ಲು ಉದುರಿಸಿತ್ತು. ಅಣ್ಣ ಮಾಡಿದ ಅಪರಾಧವೆಂದರೆ ಕೇಳದೆ ಒಂದು ಸ್ಪ್ಯಾನರ್ ಒಯ್ದದ್ದು. ಇನ್ನೊಮ್ಮೆ ಜೊತೆ ಕೆಲಸದವನೊಬ್ಬ "ನಿನ್ನ ಅಳತೆ ಒಂದು ಕೂದಲೆಳೆ ತಪ್ಪಿದೆ ಕಣಯ್ಯ" ಅಂದದ್ದಕ್ಕೆ ಅವನ ಕುತ್ತಿಗೆ ಹಿಡಿದು ಮುಖವನ್ನು ಎಣ್ಣೆ ತಟ್ಟೆಗೆ ಅದ್ದಿತ್ತು. ಆಮೇಲೆ ಅಳೆದು ನೋಡಿದರೆ ಅಳತೆ ನಿಜಕ್ಕೂ ತಪ್ಪಿತ್ತು. ಮೇಸ್ತ್ರಿ ಆ ತುಂಡನ್ನು ಸರಿ ಮಾಡಿ ಕೊಟ್ಟ, ಕ್ಷಮೆ ಮಾತ್ರ ಕೇಳಲಿಲ್ಲ.

ಜೋಡಿ ಎಂಬ ಹೆಸರು ಅವನಿಗೆ ಬಂದದ್ದೂ ಹೊಡೆತದಿಂದಲೇ. ಹದಿನೇಳನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಂಗಡಿಯಲ್ಲಿದ್ದ ಒಂದೇ ಒಂದು ಗರಗಸದ ಬ್ಲೇಡು ಇವನ ಕೈಯಲ್ಲಿ ಮುರಿಯಿತು. ಮಾಲೀಕ ಫ್ಯಾನ್ ಬೆಲ್ಟು ತೆಗೆದುಕೊಂಡು ಎಲ್ಲರೆದುರು ಬೆನ್ನಿನ ಚರ್ಮ ಸುಲಿದ. ಅಂದಿನಿಂದ ಯಾವ ವಸ್ತುವಾದರೂ ಇವನ ಬಳಿ ಎರಡೆರಡು. ಎರಡು ಇಕ್ಕಳ, ಎರಡು ಟಾರ್ಚು, ಎರಡು ಕನ್ನಡಕ. ಹೆಂಡತಿ ಮಾತ್ರ ಒಬ್ಬಳೇ ಯಾಕೆ ಎಂದು ಹಿಂದಿನಿಂದ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗಿತ್ತು?

ಇಂಥವನು ಮಾದರಿ ರಾಕೆಟ್ ಹಾರಿಸುವವರ ಸಂಘಕ್ಕೆ ಬಿದ್ದದ್ದು ಮಗಳಿಂದ. ಒಬ್ಬಳೇ ಮಗಳು, ಹದಿನಾಲ್ಕು ವರ್ಷ. ರಟ್ಟಿನ ಕೊಳವೆಗೆ ರೆಕ್ಕೆ ಅಂಟಿಸಿ ಆಕಾಶಕ್ಕೆ ಬಿಡುವುದರಲ್ಲಿ ಅವಳಿಗೆ ಹುಚ್ಚು. ಅವಳೆಂದರೆ ಇವನಿಗೆ ಪ್ರಾಣ, ಅದನ್ನು ಮುಚ್ಚಿಟ್ಟು ಹೇಳಬೇಕಾದ್ದೇನೂ ಇಲ್ಲ. ಅವಳಿಗಾಗಿ ಲೇತಿನಲ್ಲಿ ರಾಕೆಟ್ಟಿನ ಮೂತಿ ಮಾಡಿಕೊಟ್ಟ, ಬಯಲಿಗೆ ಒಯ್ಯುವ ಸಾಮಾನಿಗೆಲ್ಲ ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆ ಮಾಡಿದ. ಆ ಪೆಟ್ಟಿಗೆಯಲ್ಲಿ ಇಲ್ಲದ ವಸ್ತು ಜಗತ್ತಿನಲ್ಲೇ ಇಲ್ಲ ಎಂಬ ಮಾತಾಯಿತು. ಸಂಘದವರು ಅವನ ಕೈಯನ್ನು ಸಹಿಸಿಕೊಂಡದ್ದು ಆ ಪೆಟ್ಟಿಗೆಯ ದಾಕ್ಷಿಣ್ಯಕ್ಕೆ.

ಕಳೆದ ತಿಂಗಳು ಆ ಸಹನೆಯೂ ಹರಿಯಿತು. ಒಬ್ಬಾತ ಕಾಣದೆ ಮಗಳ ರಾಕೆಟ್ಟಿನ ಪ್ಯಾರಾಚೂಟಿನ ಮೇಲೆ ಕಾಲಿಟ್ಟ. ಮೇಸ್ತ್ರಿ ಅವನ ಕಾಲರ್ ಹಿಡಿದು ಇಪ್ಪತ್ತು ಹೆಜ್ಜೆ ಎಳೆದು ಮುಖ ಮಣ್ಣಿಗೆ ತಿಕ್ಕಿದ. ಪ್ಯಾರಾಚೂಟ್ ಹೊಲಿದವಳು ಹೆಂಡತಿ. ಅವಳೇ ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಂದಳು:

"ನೋಡ್ರೀ, ಇನ್ನೊಂದು ಸಲ. ಯಾರ ಮೇಲಾದ್ರೂ ಸರಿ, ನೀವು ಕೈ ಎತ್ತಿದ ದಿನ ನಾನೂ ಮಗಳೂ ನನ್ನ ತಮ್ಮನ ಮನೆಗೆ ಹೋಗ್ತೀವಿ. ಮತ್ತೆ ಬರಲ್ಲ."

"ಹೋಗ್ತೀಯಾ? ಹೋಗು ನೋಡೋಣ" ಅನ್ನಬೇಕೆಂದು ಬಾಯಿ ತೆರೆದವನು ಮಗಳ ಮುಖ ನೋಡಿ ಸುಮ್ಮನಾದ. ಅವಳು ಅಮ್ಮನ ಹಿಂದೆ ನಿಂತಿದ್ದಳು. ಹೋಗುವುದು ಅವಳಲ್ಲಿ ಆಗಲೇ ತೀರ್ಮಾನವಾದಂತಿತ್ತು. ಮೇಸ್ತ್ರಿಗೆ ಜೀವನದಲ್ಲಿ ಮೊದಲ ಸಲ ಹೆದರಿಕೆಯಾಯಿತು. ಒಂದು ತಿಂಗಳು ಹಲ್ಲು ಕಚ್ಚಿಕೊಂಡು ಕಳೆದ.

ರಾಕೆಟ್ ಹಾರಿಸುವ ಭಾನುವಾರ ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ಅಡುಗೆಮನೆಯ ನೆಲಕ್ಕೆ ಬಂತು. ಮಗಳು ಮುಚ್ಚಳದ ಒಳಗೆ ಅಂಟಿಸಿದ ಪಟ್ಟಿ ಓದಬೇಕು, ಅಪ್ಪ ತುಂಬಬೇಕು. ಮೃದುವಾಗಿ ಇಡುವುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಗೂಟ ಹೊಡೆಯುವ ಮರದ ಸುತ್ತಿಗೆಯನ್ನು ಕುಕ್ಕಿದ, ಸ್ಕ್ರೂಡ್ರೈವರನ್ನು ಚುಚ್ಚಿದಂತೆ ಸಿಕ್ಕಿಸಿದ.

"ಬ್ಯಾಟರಿ?"

"ಎರಡು."

"ಕಿಡಿ ತಂತಿ, ಕ್ಲಿಪ್ಪು, ಟೇಪು?"

"ಎರಡೆರಡು ಕಟ್ಟು."

"ನೀರಿನ ಕ್ಯಾನು? ಸುಟ್ಟ ಗಾಯದ ಪಟ್ಟಿ?"

"ಅವೂ ಎರಡೆರಡು. ಮುಂದೆ ಓದು."

"ಕೀಲಿ, ಒಂದು."

ಇಡೀ ಪಟ್ಟಿಯಲ್ಲಿ ಒಂದು ಎಂದಿದ್ದದ್ದು ಅದೊಂದೇ. ಅದಕ್ಕೆ ಕಾರಣವಿತ್ತು. ರಾಕೆಟ್ಟಿಗೆ ಬೆಂಕಿ ಕೊಡುವ ಗುಂಡಿ ಬಯಲಿನಲ್ಲಿ ದೂರ ಹಾಕುವ ಮೇಜಿನ ಮೇಲಿನ ಬಟನ್ ಡಬ್ಬಿಯಲ್ಲಿ. ಕೀಲಿ ಹಾಕದಿದ್ದರೆ ಗುಂಡಿ ಒತ್ತಿದರೂ ಕರೆಂಟು ಹರಿಯದು. ರಾಕೆಟ್ಟಿನ ಹತ್ತಿರ ಹೋಗುವವರು ಆ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡೇ ಹೋಗಬೇಕು. ಕೀಲಿ ಮೇಜಿಗೆ ಬಂತೆಂದರೆ ರಾಕೆಟ್ಟಿನ ಹತ್ತಿರ ಯಾರೂ ಇಲ್ಲ ಎಂದರ್ಥ. ಇದು ಸಂಘದ ಕಟ್ಟುಪಾಡು, ತಲೆ ಎಣಿಸುವ ಪದ್ಧತಿಯೇ ಅಲ್ಲಿರಲಿಲ್ಲ.

ಆದರೆ ಒಂದೇ ಎಂಬ ಮಾತು ಮೇಸ್ತ್ರಿಗೆ ಕಣ್ಣಲ್ಲಿ ಕಸ ಬಿದ್ದ ಹಾಗೆ. ಹಿಂದಿನ ಸಲ ಆ ಕೀಲಿ ಹುಲ್ಲಿನಲ್ಲಿ ಬಿದ್ದು ಎರಡು ಗಂಟೆ ಹುಡುಕಿದ್ದರು. ಶುಕ್ರವಾರ ಊಟದ ಬಿಡುವಿನಲ್ಲಿ ಅವನು ಅದರ ಅಚ್ಚಿನಂತೆ ಇನ್ನೊಂದನ್ನು ಅರದಲ್ಲಿ ಉಜ್ಜಿ ಮಾಡಿದ್ದ. ಅದಕ್ಕೂ ಅದೇ ಥರ ಕೆಂಪು ದಾರ ಕಟ್ಟಿದ್ದ. ಹೇಳಿದರೆ ಸಂಘದವರು ಬೇಡ ಅನ್ನುತ್ತಾರೆ, ಬೇಡ ಅಂದರೆ ವಾದ, ವಾದವಾದರೆ ಕೈ. ಈ ಸಲ ಕೈ ಎತ್ತುವಂತಿಲ್ಲವಲ್ಲ! ಅದಕ್ಕೆ ಯಾರಿಗೂ ಹೇಳದೆ ಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ, ಟೇಪಿನ ಸುರುಳಿಯ ಕೆಳಗೆ ಅದನ್ನು ತಳ್ಳಿದ. ಜಾಣತನ ಮಾಡಿದೆ ಎಂದುಕೊಂಡ ಪುಣ್ಯಾತ್ಮ.

ಬಯಲು ಇದ್ದದ್ದು ಪಾಳು ಬಿದ್ದ ಇಟ್ಟಿಗೆ ಗೂಡಿನ ಪಕ್ಕದಲ್ಲಿ. ಅವತ್ತು ಗಾಳಿ ಜೋರಾಗಿತ್ತು. ಅದಕ್ಕೇ ರಾಕೆಟ್ ನಿಲ್ಲಿಸುವ ಸರಳನ್ನು ಒಂದು ಮಣ್ಣಿನ ದಿಬ್ಬದ ಆಚೆ ತಗ್ಗಿನಲ್ಲಿ ನೆಟ್ಟರು. ಮೇಜಿನ ಹತ್ತಿರ ನಿಂತರೆ ರಾಕೆಟ್ಟಿನ ಮೂತಿ ಮಾತ್ರ ಕಾಣುತ್ತಿತ್ತು. ಗುಂಡಿ ಒತ್ತುವ ಕೆಲಸ ಮೇಸ್ತ್ರಿಯ ಭಾವಮೈದನದು, ಅಂದರೆ ಹೆಂಡತಿಯ ಆ ತಮ್ಮನದು. ಬಸ್ ಕಂಡಕ್ಟರ್, ಒಳ್ಳೆಯ ಗಂಟಲು. "ಹಿಂದೆ ಸರೀರಿ, ಹಿಂದೆ ಸರೀರಿ, ಒಳಗೆ ಇನ್ನೂ ಜಾಗ ಇದೆ" ಎಂದು ಬಯಲಿನಲ್ಲೂ ಕೂಗಿ ನಗಿಸುತ್ತಿದ್ದ. ಅಕ್ಕನ ಮಗಳು, ಈ ಸೋದರ ಸೊಸೆಯನ್ನು ಕಂಡರೆ ಅವನಿಗೆ ತುಂಬಾ ಪ್ರೀತಿ.

ಮಧ್ಯಾಹ್ನದವರೆಗೆ ಮೇಸ್ತ್ರಿ ಕೋಪವನ್ನು ಗೆದ್ದ. ಮುಖ ಮಣ್ಣಾಗಿಸಿಕೊಂಡಿದ್ದವನೇ ಎದುರಿಗೆ ಬಂದು, "ಏನ್ ಮೇಸ್ತ್ರಿ, ಇವತ್ತು ಯಾರ ಸರದಿ?" ಎಂದು ಕೆಣಕಿದ. ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಆದರೂ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಮುಷ್ಟಿ ಮಾಡಿ ಒತ್ತಿ, ಆಚೆ ನಡೆದ. ಹೆಂಡತಿ ಅದನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವನ ಕಡೆ ನೋಡಿ ಸಣ್ಣಗೆ ನಕ್ಕಳು. ಆ ನಗುವಿಗೆ ಅವನ ಹೊಟ್ಟೆ ತಣ್ಣಗಾಯಿತು.

ಮಗಳ ರಾಕೆಟ್ ಕೊನೆಯದು. ಕಂಡಕ್ಟರ್ ಎಣಿಸಿ ಗುಂಡಿ ಒತ್ತಿದ, ಏನೂ ಆಗಲಿಲ್ಲ. ಕಿಡಿ ತಂತಿ ಕೈಕೊಟ್ಟಿತ್ತು. ಮಗಳು ಒಂದು ನಿಮಿಷ ಕಾದು, ಡಬ್ಬಿಯಿಂದ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು, ಹೊಸ ತಂತಿ ಹಿಡಿದು ದಿಬ್ಬದಾಚೆ ಇಳಿದಳು. ಮೇಸ್ತ್ರಿ ಆಗ ಗೂಡಿನ ಹತ್ತಿರ, ಹಿಂದಿನ ರಾಕೆಟ್ಟನ್ನು ಮುಳ್ಳಿನ ಪೊದೆಯಿಂದ ಬಿಡಿಸುತ್ತಿದ್ದ. ಕಂಡಕ್ಟರ್ ಬೆನ್ನು ತಿರುಗಿಸಿ ಯಾರಿಗೋ ಏನನ್ನೋ ವಿವರಿಸುತ್ತಿದ್ದ. ಮಾತು ಮುಗಿಸಿ, ಹಾರಾಡುವ ಕಾಗದಕ್ಕೆ ಟೇಪು ಹಚ್ಚೋಣವೆಂದು ಪೆಟ್ಟಿಗೆಗೆ ಕೈ ಹಾಕಿದ. ಸುರುಳಿಯ ಕೆಳಗೆ ಕೆಂಪು ದಾರದ ಕೀಲಿ ಸಿಕ್ಕಿತು.

ಸೊಸೆ ಬಂದು ಕೀಲಿ ಇಟ್ಟು ನೀರಿಗೋ ನೆರಳಿಗೋ ಹೋಗಿದ್ದಾಳೆ ಎಂದುಕೊಂಡ. ಕೀಲಿ ಇಲ್ಲಿದ್ದರೆ ಅಲ್ಲಿ ಯಾರೂ ಇಲ್ಲ. ಐದು ವರ್ಷದಿಂದ ಹಾಗೇ ನಡೆದಿದೆ. ಪೆಟ್ಟಿಗೆ ಮುಚ್ಚಿ, ಕೀಲಿಯನ್ನು ಡಬ್ಬಿಗೆ ಹಾಕಿ ತಿರುಗಿಸಿದ, ದೀಪ ಹತ್ತಿತು. "ಐದು! ನಾಲ್ಕು!" ಗಾಳಿ ದಿಬ್ಬದ ಕಡೆಯಿಂದ ಬೀಸುತ್ತಿತ್ತು, ಕೂಗು ಆ ಕಡೆ ಹೋಗಲೇ ಇಲ್ಲ. ಪೊದೆಯ ಹತ್ತಿರ ಮೇಸ್ತ್ರಿಗೆ ಕೇಳಿಸಿತು. ಅವನೂ ಮಗಳು ವಾಪಸಾಗಿದ್ದಾಳೆ ಎಂದುಕೊಂಡು, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತ ನಿಂತ.

ರಾಕೆಟ್ ಬಹಳ ಚೆನ್ನಾಗಿ ಹಾರಿತು. ಅದರ ಹಿಂದೆಯೇ ಚೀರಾಟ ಬಂತು.

ಮೇಸ್ತ್ರಿ ದಿಬ್ಬ ಹಾರಿ ಬಂದಾಗ ಮಗಳು ಮೊಣಕಾಲೂರಿ ಕೂತಿದ್ದಳು. ಕ್ಲಿಪ್ಪು ಹಿಡಿದಿದ್ದ ಬಲಗೈಯ ಮೇಲೆ ಬೆಂಕಿ ಪೂರ್ತಿ ಹರಿದಿತ್ತು. ಅಂಗೈಯ ಚರ್ಮ ಕಪ್ಪಾಗಿ, ಬೆರಳುಗಳ ಮೇಲೆ ಬಿಳಿಯಾಗಿ ಎದ್ದು ಸುರುಟಿತ್ತು. "ಅಪ್ಪಾ, ನೀರು" ಅಂದಳು. ಅವನಿಗೆ ಅದು ಕೇಳಿಸಿತು. ಕೇಳಿಸಿಯೂ ಅವನು ತಿರುಗಿ ಮೇಜಿನ ಕಡೆ ಓಡಿದ.

ಕಂಡಕ್ಟರ್ ಎದುರಿಗೇ ಓಡಿ ಬರುತ್ತಿದ್ದ, ಬಾಯಿ ತೆರೆದು ಅಳುತ್ತಿದ್ದ. ಮೊದಲ ಏಟು ಆ ತೆರೆದ ಬಾಯಿಗೇ ಬಿತ್ತು. ಎರಡನೆಯದಕ್ಕೆ ಮೂಗು ಒಡೆದು ರಕ್ತ ಇಬ್ಬರ ಅಂಗಿಗೂ ಹಾರಿತು. ಮೇಸ್ತ್ರಿ ಅವನನ್ನು ತಳ್ಳಿಕೊಂಡು ಹೋಗಿ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗಾತ ಕೆಡವಿದ, ಎದೆಯ ಮೇಲೆ ಮೊಣಕಾಲು ಕೊಟ್ಟ, ಪಕ್ಕದಲ್ಲಿ ಬಿದ್ದಿದ್ದ ಮರದ ಸುತ್ತಿಗೆ ಎತ್ತಿಕೊಂಡ.

"ಭಾವ, ಕೀಲಿ ಪೆಟ್ಟಿಗೇಲಿತ್ತು! ಭಾವ, ನಿಮ್ಮಾಣೆ, ಪೆಟ್ಟಿಗೇಲಿತ್ತು!"

ಸುಳ್ಳು ಬೊಗಳುತ್ತೀಯಾ ಎಂದು ಸುತ್ತಿಗೆ ಭುಜದ ಮೂಳೆಗೆ ಬಿತ್ತು. ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲಿನದು ದವಡೆಗೆ. ಹಣ್ಣುಗಾಯಿ ನೀರುಗಾಯಿ ಮಾಡುವುದು ಎಂಬ ಮಾತನ್ನು ನಾವು ಸುಮ್ಮನೆ ಬಾಯಿಮಾತಿಗೆ ಆಡುತ್ತೇವೆ. ಅಲ್ಲಿದ್ದವರು ಅದನ್ನು ಕಣ್ಣಾರೆ ಕಂಡರು. ನಾಲ್ವರು ಬಂದು ಎಳೆದರೂ ಅವನು ಜಗ್ಗಲಿಲ್ಲ. ಒಬ್ಬನ ಹೊಟ್ಟೆಗೆ ಮೊಣಕೈಯಿಂದ ತಿವಿದ, ಇನ್ನೊಬ್ಬನ ಕೈ ಕಚ್ಚಿದ. ಹೆಂಡತಿ ಮಗಳನ್ನು ತಬ್ಬಿಕೊಂಡು ಕರೆತಂದು ಪಕ್ಕದಲ್ಲೇ ನಿಂತು ಕಿರುಚುತ್ತಿದ್ದಳು:

"ಪೆಟ್ಟಿಗೆಯಿಂದ ಏಳ್ರೀ! ನೀರು ಅದರೊಳಗಿದೆ! ಏಳ್ರೀ!"

ಬೇರೆಯವರ ಬಾಟಲಿಗಳು ಬಿಸಿಲಿಗೆ ಆಗಲೇ ಖಾಲಿಯಾಗಿದ್ದವು. ಬೆಂಕಿಗೆಂದು ಇಟ್ಟ ಬಕೆಟ್ಟಿನಲ್ಲಿ ಮರಳಿತ್ತು. ಎರಡು ಕ್ಯಾನು ತಣ್ಣನೆ ನೀರು, ಎರಡು ಕಟ್ಟು ಪಟ್ಟಿ, ಎಲ್ಲವೂ ಆ ಮುಚ್ಚಳದ ಕೆಳಗೆ, ಮುಚ್ಚಳದ ಮೇಲೆ ಒದ್ದಾಡುವ ಒಬ್ಬ, ಅವನ ಮೇಲೆ ಈ ಇನ್ನೊಬ್ಬ. ಕೊನೆಗೆ ಯಾರೋ ಸರಳು ಕಿತ್ತು ತಂದು ಮೇಸ್ತ್ರಿಯ ಬೆನ್ನಿಗೆ ಬಾರಿಸಿದ ಮೇಲೆ ಅವನು ಪಕ್ಕಕ್ಕೆ ಉರುಳಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು, ಸುಟ್ಟು ಎಷ್ಟು ಹೊತ್ತಿಗೆ ನೀರು ಹಾಕಿದಿರಿ ಎಂದು. ಹೆಂಡತಿ, "ಹತ್ತು ನಿಮಿಷ ಆಗಿರಬೇಕು" ಅಂದಳು. "ಅಲ್ರೀ, ಅಷ್ಟು ಹೊತ್ತು ಏನ್ ಮಾಡ್ತಿದ್ರಿ?" ಎಂದು ಡಾಕ್ಟರಮ್ಮ ರೇಗಿದರು. ಹೆಂಡತಿ ಗಂಡನ ಕಡೆ ತೋರಿಸಲೂ ಇಲ್ಲ, ನೋಡಲೂ ಇಲ್ಲ. ಎರಡು ಬೆರಳು ಇನ್ನು ಮಡಚುವುದು ಕಷ್ಟ, ತಕ್ಷಣ ತಣ್ಣಗೆ ಮಾಡಿದ್ದರೆ ಉಳಿಯುತ್ತಿತ್ತೇನೋ ಎಂದು ಡಾಕ್ಟರಮ್ಮ ಹೇಳಿ ಹೋದರು.

ಹೆಂಡತಿ ತಮ್ಮನ ವಾರ್ಡಿಗೆ ಹೋದಳು. ಅಪ್ಪ, ಮಗಳು ಇಬ್ಬರೇ ಉಳಿದರು. ಮಗಳು ಎಡಗೈಯಿಂದ ತನ್ನ ಜೇಬಿನ ಕೀಲಿ ತೆಗೆದು ಮಂಚದ ಮೇಲಿಟ್ಟಳು.

"ಇನ್ನೊಂದು ಕೀಲಿ ಪೆಟ್ಟಿಗೇಲಿತ್ತಪ್ಪ. ಬೆಳಿಗ್ಗೆ ನೀನು ತಳ್ಳಿದ್ದು ನಾನು ನೋಡ್ದೆ."

ಮೇಸ್ತ್ರಿ ಆ ಕೀಲಿಯನ್ನು ಕೈಗೆತ್ತಿಕೊಂಡ. "ನೋಡಿದ್ರೆ ಯಾಕ್ ಮಗಳೇ ಹೇಳ್ಲಿಲ್ಲ?"

"ನಿನಗಾ?" ಅಂದಳು. ಅಷ್ಟೇ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು.

ಸ್ವಲ್ಪ ಹೊತ್ತಿಗೆ ಅವಳು ಎದ್ದು ಚಪ್ಪಲಿ ಹುಡುಕಿದಳು.

"ಎಲ್ಲಿಗೆ?"

"ಮಾವನ ಹತ್ತಿರ. ಆಮೇಲೆ ಅವರ ಮನೆಗೆ."

"ಅವನು ನಿನ್ನ ಕೈ ಸುಟ್ಟವನು!"

"ಮಾವ ನಾನು ಅಲ್ಲಿರೋದು ಗೊತ್ತಿಲ್ದೆ ಸುಟ್ರು" ಅಂದಳು ಮಗಳು. "ನಿನಗೆ ನಾನು ಕಾಣಿಸಿದ್ದೆ. ನೀರು ಅಂತ ಕೇಳಿದ್ದೆ."

ಅವಳು ಹೊರಟಳು. ಮೇಸ್ತ್ರಿ ಹತ್ತು ಹೆಜ್ಜೆ ಹಿಂದೆ ಹಿಂದೆ ಹೋದ. ವಾರ್ಡಿನಲ್ಲಿ ದವಡೆಗೆ ತಂತಿ ಬಿಗಿಸಿಕೊಂಡು ಮಲಗಿದ್ದ ಕಂಡಕ್ಟರ್ ಬಾಗಿಲಲ್ಲಿ ಅವನನ್ನು ಕಂಡದ್ದೇ ಮುರಿಯದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದ. ಮಗಳು ತಟ್ಟನೆ ಮಂಚಕ್ಕೂ ಅಪ್ಪನಿಗೂ ನಡುವೆ ಬಂದು ನಿಂತು, ಪಟ್ಟಿ ಸುತ್ತಿದ ಬಲಗೈಯನ್ನೇ ಮುಂದೆ ಚಾಚಿದಳು, ಹೊಡೆಯುವುದಾದರೆ ಇದಕ್ಕೆ ಮೊದಲು ಹೊಡಿ ಎನ್ನುವ ಹಾಗೆ. ಮೇಸ್ತ್ರಿ "ಇಲ್ಲ, ಇಲ್ಲಮ್ಮ, ನಾನು ಸುಮ್ನೆ ಬಂದೆ" ಅಂದ. ಅವಳು ಕೈ ಇಳಿಸಲಿಲ್ಲ. ಅವನು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತ ಮೇಲೂ, ತಮ್ಮನ ಪಕ್ಕದಲ್ಲಿದ್ದ ಹೆಂಡತಿ ಎದ್ದು ಬಂದು ಬಾಗಿಲು ಹಾಕಿಕೊಳ್ಳುವವರೆಗೆ, ಅವಳು ಹಾಗೇ ನಿಂತಿದ್ದಳು.