ಜೋಕಾಲಿಯ ಸರಪಳಿ

ಇವತ್ತು ಬೆಳಗಾವಿಯ ಆಟೋ ನಗರದಲ್ಲಿ ಸ್ಕೂಟರ್ ರಿಪೇರಿಗೆ ಬಿಟ್ಟು ಕೂತಿದ್ದೆ. ಪಕ್ಕದ ಗ್ಯಾರೇಜಿನಿಂದ ಸುತ್ತಿಗೆಯ ಬಡಿತದ ಜೊತೆಗೆ ಡೀಸೆಲ್ ಸುರಿದ ಕಾದ ಕಬ್ಬಿಣದ ವಾಸನೆ ಬಂತು. ಅಪ್ಪ ನೆನಪಾದ.

ಖಾನಾಪುರದಲ್ಲಿ ಅಪ್ಪನ ಗ್ಯಾರೇಜು ನಮ್ಮ ಹಿತ್ತಲಲ್ಲೇ ಇತ್ತು. ಶಾಲೆಯಿಂದ ಬಂದಾಗ ಪಡಸಾಲೆಯ ಜೋಕಾಲಿ ಹಲಗೆ ನೆಲದ ಮೇಲಿದ್ದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅಪ್ಪ ಅದರ ಸರಪಳಿ ಒಯ್ದಿದ್ದಾನೆಂದರೆ ಯಾವುದೋ ಕಾರಿನ ಸ್ಪ್ರಿಂಗ್ ಬಿಚ್ಚುತ್ತಿದ್ದಾನೆ ಎಂದೇ ಅರ್ಥ. ಒತ್ತಿ ಕೂತ ಸ್ಪ್ರಿಂಗ್ ಸಿಡಿದರೆ ಮನುಷ್ಯ ಉಳಿಯುವುದಿಲ್ಲ. ಅದಕ್ಕೇ ಅದನ್ನು ಸರಪಳಿಯಿಂದ ಕಾರಿಗೇ ಬಿಗಿಯುತ್ತಿದ್ದ.

ಒಂದು ದಿನ ಹೀಗೆ ರಿಪೇರಿಗೆ ಬಂದದ್ದು, ಹತ್ತಿರದ ಜಾಂಬೋಟಿಯ ಮಳೆಯಲ್ಲಿ ನಿಂತು ತುಕ್ಕು ಹಿಡಿದ, ಎರಡೇ ಸೀಟಿನ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಮುಂದಿನ ಗಾಲಿಯ ಸ್ಪ್ರಿಂಗಿನ ಬೋಲ್ಟು ಕಚ್ಚಿಕೊಂಡಿತ್ತು. ಅಪ್ಪ ಡೀಸೆಲ್ ಸುರಿದು, ಕಾಯಿಸಿ, ಬಡಿಯುತ್ತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಎರಡೂ ಬಡಿತ ಕೇಳುತ್ತಿದ್ದೆ.

ಬೋಲ್ಟು ಒಮ್ಮೆಲೇ ಕಿತ್ತುಬಂತು, ಸ್ಪ್ರಿಂಗನ್ನು ಒತ್ತಿ ಹಿಡಿದಿದ್ದ ಜ್ಯಾಕ್ ಜಾರಿತು. ಗುಂಡು ಹಾರಿದಂಥ ಸದ್ದು. ಅವ್ವನ ಕೈ ನಿಂತಿತು.

"ಏನಾತ್ರೀ?" ಕೂತಲ್ಲಿಂದಲೇ ಕೇಳಿದಳು. ಎದ್ದು ಹೋಗಿ ನೋಡುವ ಧೈರ್ಯ ಅವಳಿಗಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಪ್ಪನ ಕೆಮ್ಮು ಕೇಳಿಸಿತು.

"ಏನಿಲ್ಲ. ರೊಟ್ಟಿ ಬಡಿ ನೀ."

ಸಂಜೆ ಅಪ್ಪ ಜೋಕಾಲಿ ಮತ್ತೆ ಕಟ್ಟಿದ. ಸರಪಳಿಯ ಒಂದು ಕೊಂಡಿ ಜಗ್ಗಿ ಉದ್ದವಾಗಿತ್ತು, ಹಲಗೆ ವಾಲಿತು. ಅವ್ವ ಹಲಗೆ ನೋಡಿದಳು, ಅಪ್ಪನನ್ನು ನೋಡಿದಳು.

"ಅಕ್ಕಾರ, ಗಾಡಿ ರೆಡಿ ಆತ್ರಿ," ಅಂದ ಸ್ಕೂಟರಿನ ಮೆಕ್ಯಾನಿಕ್. ಪಕ್ಕದ ಗ್ಯಾರೇಜಿನಲ್ಲಿ ಬಡಿತ ನಿಂತಿತ್ತು. ಅದು ಮತ್ತೆ ಶುರುವಾಗುವ ತನಕ ನಾನು ಏಳಲಿಲ್ಲ.