ಮೊದಲ ತುತ್ತು ಯಾರದು

ಅಡುಗೆಮನೆಯವರೆಗೆ ಗತ್ತಿನಿಂದ ನಡೆದುಹೋಗಿ, ಅಲ್ಲಿಗೆ ಯಾಕೆ ಬಂದೆನೆಂಬುದೇ ನೆನಪಾಗದೆ, ಉಪ್ಪಿನ ಡಬ್ಬಿಯನ್ನು ಬಾಲ್ಯದ ಗೆಳತಿಯೆಂಬಂತೆ ದಿಟ್ಟಿಸುತ್ತ ನಿಲ್ಲುವ ಯೋಗ ನಿಮಗೂ ಒದಗಿರಬಹುದು. ನಮ್ಮ ಕಡೆ ಇದಕ್ಕೆ ಅರಳು ಮರಳು ಎನ್ನುತ್ತಾರೆ. ಎಂಥ ಚೆಂದದ ಮಾತು ನೋಡಿ! ಒಂದು ಅರಳುವುದು, ಇನ್ನೊಂದು ಮರಳುವುದು. ಕಾಯಿಲೆಯ ಹೆಸರಿನಲ್ಲೇ ಹೂವೂ ಇದೆ, ಹಿಂತಿರುಗುವ ದಾರಿಯೂ ಇದೆ. ಇಷ್ಟು ಒಳ್ಳೆಯ ಹೆಸರಿಟ್ಟ ಮೇಲೆ ಮದ್ದೇಕೆ ಬೇಕೆಂದು ನಮ್ಮ ಹಿರಿಯರು ಸುಮ್ಮನಾಗಿರಬೇಕು.

ಮೇಲಿನ ಅಧಿಕಾರಿಗಳು ಮಾತ್ರ ಸುಮ್ಮನಾಗಲಿಲ್ಲ. ಎಂಬತ್ತರ ದಶಕದ ಆರಂಭ. ದೇವದುರ್ಗದಲ್ಲಿ ನರ್ಸಾಗಿದ್ದ ನನ್ನನ್ನು, ಮರೆವು ಕವಿದ ವೃದ್ಧರ ಆರೈಕೆಯ ತರಬೇತಿಗೆಂದು ರಾಯಚೂರಿಗೆ ಕಳಿಸಿದರು. ಕಲಿಸಲು ಬಂದವರು ಮೈಸೂರು ಕಡೆಯ ತರುಣ ವೈದ್ಯರು. ಅವರ ಅಂಗಿಯಂತೆ ಅವರ ಕನ್ನಡಕ್ಕೂ ಇಸ್ತ್ರಿ ಮಾಡಿದಂತಿತ್ತು. ಅವರ ಸೂತ್ರ ಸರಳ: ಮರೆತವರಿಗೆ ಇಂದಿನ ವಾರ, ಇರುವ ಜಾಗ, ಎದುರಿಗಿದ್ದವರ ಹೆಸರು ಹೇಳಬೇಕು, ಅವರು ತಪ್ಪಿದರೆ ಮೃದುವಾಗಿ ತಿದ್ದಬೇಕು. ಕೊನೆಗೆ ಹಾಸಿಗೆಯ ಪಕ್ಕದಲ್ಲೇ ಪರೀಕ್ಷೆ. ಗೆದ್ದವರಿಗೆ ಸರ್ಟಿಫಿಕೇಟು, ಸೋತವರಿಗೆ ಮತ್ತೊಮ್ಮೆ ಇದೇ ತರಬೇತಿ.

ನನ್ನ ಪಾಲಿಗೆ ಬಂದವರು ಮಾನ್ವಿ ತಾಲೂಕಿನ ಮಲ್ಲಟದ ಬಸಮ್ಮ. ತುಂಬಿದ ಒಕ್ಕಲುತನದ ಮನೆಗೆ ಜೀವಮಾನವೆಲ್ಲ ಅನ್ನ ಬಡಿಸಿದ ಮುದುಕಿ, ಈಗ ತಾನೇ ಅಗುಳು ಮುಟ್ಟುತ್ತಿರಲಿಲ್ಲ. ಮೈ ಸೊರಗಿ ಕಡ್ಡಿಯಾಗಿತ್ತು. ಸಂಜೆಯೊಳಗೆ ಉಣ್ಣದಿದ್ದರೆ ಮೂಗಿನಲ್ಲಿ ನಳಿಗೆ ಇಳಿಸುವುದೇ ಸರಿ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಜೊತೆಗಿದ್ದ ಸೊಸೆ ಈರಮ್ಮನ ಮುಖ ಅದನ್ನು ಕೇಳಿಯೇ ಬಾಡಿತ್ತು.

ಗಂಜಿಯ ತಟ್ಟೆ ಹಿಡಿದು ಸೂತ್ರದ ಪ್ರಕಾರ ಶುರುಮಾಡಿದೆ: "ಯವ್ವಾ, ಇದು ರಾಯಚೂರು ದವಾಖಾನಿ ಅದ. ನಾ ನರ್ಸು."

"ದವಾಖಾನಿ ಆದ್ರ ಇಷ್ಟ್ ಮಂದಿ ಬೀಗರು ಯಾಕ್ ನಿಂತಾರ?" ಎಂದು ಬಸಮ್ಮ, ಮಂಚದ ಸುತ್ತ ನಿಂತಿದ್ದ ನಮ್ಮ ತರಬೇತಿಯ ತಂಡದ ಕಡೆ ಕೈ ತೋರಿಸಿದರು. "ಹಸಗೊಂಡು ಬಂದಾರ. ಮೊದಲ ಎಲಿ ಹಾಕ್ರಿ."

ಇವರು ಬೀಗರಲ್ಲವೆಂದು ನಾನು ತಿದ್ದಿದಷ್ಟೂ ಅವರು ನನ್ನನ್ನು ಮರ್ಯಾದೆ ಗೊತ್ತಿಲ್ಲದ ಹುಡುಗಿಯೆಂದು ತಿದ್ದಿದರು. ಸರ್ಟಿಫಿಕೇಟು ಕಣ್ಣೆದುರೇ ಕರಗುತ್ತಿರುವಾಗ ವೈದ್ಯರು ಮುಂದೆ ಬಂದು ಬಾಗಿದರು.

"ಅಜ್ಜಿ, ಇವತ್ತು ಯಾವ ವಾರ ಹೇಳಿ ನೋಡೋಣ?"

"ಯಾಕಪಾ, ನಿನಗ ಗೊತ್ತಿಲ್ಲೇನು?"

"ಗೊತ್ತಿದೆ ಅಜ್ಜಿ. ಇವತ್ತು ಬುಧವಾರ."

ಹಿಂದಿನಿಂದ ಯಾರೋ ಕೆಮ್ಮಿದರು: "ಸರ್, ಗುರುವಾರ."

ಬಸಮ್ಮನ ಮುಖದಲ್ಲಿ ಮೂಡಿದ ಕರುಣೆಯನ್ನು ಹೇಗೆ ಹೇಳಲಿ! ವೈದ್ಯರ ಕೈ ಹಿಡಿದೆಳೆದು ಮಂಚದ ಮೇಲೆ ಕೂಡಿಸಿಕೊಂಡು, ನನ್ನತ್ತ ತಿರುಗಿ ಪಿಸುಗುಟ್ಟಿದರು, ಆದರೆ ವಾರ್ಡಿಗೆಲ್ಲ ಕೇಳುವಂತೆ: "ಪಾಪ, ಇಷ್ಟ್ ಸಣ್ಣ ವಯಸ್ಸಿಗೆ ಅರಳು ಮರಳು! ಹೊಟ್ಟಿ ಹಸದ್ರ ಹಿಂಗಾಕ್ಕದ. ತಾ ಇಲ್ಲಿ ತಾಟು."

ತಟ್ಟೆ ಕಸಿದುಕೊಂಡವರೇ ಚಮಚ ತುಂಬ ಗಂಜಿಯನ್ನು ವೈದ್ಯರ ಬಾಯಿಗೆ ಹಿಡಿದರು. ಪುಣ್ಯಾತ್ಮ ಒಮ್ಮೆ ನಮ್ಮನ್ನು ನೋಡಿದರು, ಒಮ್ಮೆ ಗಂಜಿಯನ್ನು ನೋಡಿದರು, ಕಣ್ಣು ಮುಚ್ಚಿ ನುಂಗಿದರು. ಆ ಉಪ್ಪಿಲ್ಲದ ಗಂಜಿಯನ್ನು ನುಂಗುವುದಕ್ಕೆ ಯಾವ ವೈದ್ಯವಿದ್ಯೆಯೂ ನೆರವಾಗುವಂತಿರಲಿಲ್ಲ.

"ಈಗ ನೀವುಣ್ರೀ ಯವ್ವಾ," ಎಂದೆ ನಾನು, ಸೂತ್ರವನ್ನೆಲ್ಲ ಬಿಟ್ಟು. "ಬೀಗರು ಉಂಡ್ರು."

ಬಸಮ್ಮ ಉಂಡರು. ಯಾವ ಅವಸರವೂ ಇಲ್ಲದೆ, ದೊಡ್ಡ ಕೆಲಸ ಮುಗಿಸಿದವರ ನೆಮ್ಮದಿಯಲ್ಲಿ, ತಟ್ಟೆ ಬಳಿದು ಉಂಡರು. ಮರೆವು ಅವರಿಂದ ವಾರವನ್ನೂ ಊರನ್ನೂ ಒಯ್ದಿತ್ತು. ಹಸಿದವರ ಮುಂದೆ ತಾನೊಬ್ಬಳೇ ಉಣ್ಣಬಾರದೆಂಬುದನ್ನು ಮಾತ್ರ ಅದಕ್ಕೆ ಅಲುಗಿಸಲಾಗಿರಲಿಲ್ಲ. ವೈದ್ಯರು ಬಾಯೊರೆಸಿಕೊಂಡು, ನಾನು ಪಾಸೆಂದರು. ತಾವು ಪಾಸಾದರೋ ಇಲ್ಲವೋ ಅಜ್ಜಿಯನ್ನೇ ಕೇಳಬೇಕೆಂದು ನಕ್ಕರು.

ಚೇತರಿಸಿಕೊಂಡ ಬಸಮ್ಮನನ್ನು ಊರಿಗೆ ಕಳಿಸುವಾಗ, ವೈದ್ಯರೆದುರೇ ನಾನು ಈರಮ್ಮನಿಗೆ ಹೇಳಿದೆ: "ಮನ್ಯಾಗ ನೀವು ಅವರ ಎದುರಿಗೆ ಕುಂತು ಮೊದಲ ಉಣ್ರಿ. ಆಮ್ಯಾಲ ಅವರೂ ಉಣ್ತಾರ."

ಈರಮ್ಮ ಕಣ್ಣರಳಿಸಿದಳು. "ಅತ್ತಿಗಿಂತ ಮೊದಲ ಸೊಸಿ ಉಣ್ಣಾದಾ? ನನ್ನ ಗಂಡ ನಂಬಂಗಿಲ್ರೀ ಅಕ್ಕಾರ. ಸಾಹೇಬ್ರ, ನೀವ ಚೀಟಿ ಬರದು ಶಿಕ್ಕಾ ಹೊಡದು ಕೊಡ್ರಿ."

ವೈದ್ಯರು ಗಂಭೀರವಾಗಿ ಔಷಧಿ ಚೀಟಿಯ ಮೇಲೆ ಬರೆದರು: ಸೊಸೆ ಮೊದಲು ಉಣ್ಣತಕ್ಕದ್ದು, ದಿನಕ್ಕೆ ಎರಡು ಹೊತ್ತು. ಓದಿ ಹೇಳಿದಾಗ ಈರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಚೀಟಿಯ ಕಡೆ ಬಾಗಿದಳು.

"ಬಿಸಿ ರೊಟ್ಟಿ ಅಂತನೂ ಹಾಕ್ರೀ ಸಾಹೇಬ್ರ," ಎಂದಳು ಮೆಲ್ಲಗೆ. "ಮದುವ್ಯಾಗಿ ಬಂದಾಗಿಂದ ತಣ್ಣಂದ ಉಂಡೀನಿ."

ವೈದ್ಯರು 'ಬಿಸಿ' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಆಸ್ಪತ್ರೆಯ ಮೊಹರು ಒತ್ತಿದರು.